ಕೂರಿಗೆಗೆ ಲೈಕ್ ಒತ್ತಿದವರು ಯಾರು?

ಪ್ರಾಡಕ್ಟ್ ಕಂಪನಿಯಲ್ಲಿ ಕೆಲಸ ಮಾಡೋರಿಗೆಲ್ಲ ಈ ಮಾತು ಕೇಳಿ ಕೇಳಿ ಕಿವಿ ತೂತಾಗಿರುತ್ತೆ: "ಕೋಡ್ ಬರೆಯೋ ಮೊದಲು ಯೂಸರ್ ಹತ್ರ ಹೋಗಿ." ಈಗ ಹೋಗೋ ಕಷ್ಟವೂ ಇಲ್ಲ ಬಿಡಿ. ಫೇಸ್‌ಬುಕ್‌ನಲ್ಲಿ ಒಂದು ಪೋಲ್ ಹಾಕಿ, ನಾಲ್ಕು ವಾಟ್ಸಾಪ್ ಗುಂಪಿಗೆ ಒಂದು ಪ್ರಶ್ನೆ ಎಸೆದು ಕಾಫಿ ಕುಡಿದು ಬರುವಷ್ಟರಲ್ಲಿ ಐಡಿಯಾಗಳು ರಾಶಿ ಬಿದ್ದಿರುತ್ತವೆ. ಡೆಲ್ ಕಂಪನಿ 2007ರಲ್ಲಿ ಐಡಿಯಾಸ್ಟಾರ್ಮ್ ಅಂತ ಶುರು ಮಾಡಿ ಗ್ರಾಹಕರ ಸಲಹೆ ಕೇಳಿತು. ಮಾರನೇ ವರ್ಷ ಸ್ಟಾರ್‌ಬಕ್ಸ್ ಅದನ್ನೇ ಮಾಡಿತು. ಅದೇ 2008ರಲ್ಲಿ ಜಪಾನಿನಲ್ಲಿ ಸಣ್ಣದಾಗಿ ಆರಂಭಿಸಿದ ಪ್ರಯೋಗವನ್ನು ಲೆಗೋ ಬೆಳೆಸುತ್ತಾ ಹೋಯಿತು. ಇವತ್ತು ನಿಮ್ಮ ಆಟಿಕೆಯ ಕಲ್ಪನೆಗೆ 10,000 ಜನರ ಬೆಂಬಲ ಸಿಕ್ಕರೆ ಕಂಪನಿ ಕೂತು ಅದನ್ನು ಪರಿಶೀಲಿಸುತ್ತದೆ.

ಇದನ್ನೆಲ್ಲ ಓದಿದಾಗ "ಜಾಲದಿಂದ ಐಡಿಯಾ ಎತ್ತೋದು" ಹದಿನೈದಿಪ್ಪತ್ತು ವರ್ಷದ ಹೊಸ ವಿದ್ಯೆ ಅನ್ನಿಸುತ್ತೆ. ಅಲ್ಲ. ಅದರ ಇತಿಹಾಸ ಹುಡುಕೋಕೆ ಕ್ಯಾಲಿಫೋರ್ನಿಯಾಕ್ಕೆ ಹೋಗಬೇಕಾಗಿಯೂ ಇಲ್ಲ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯ ಹೊಲ-ತೋಟಗಳಲ್ಲಿ ಒಂದು ಸುತ್ತು ಬಂದರೆ ಸಾಕು.

ಈ ನಾಲ್ಕೂ ತಾಲ್ಲೂಕು ಈಗ ದಾವಣಗೆರೆ ಜಿಲ್ಲೆಯಲ್ಲಿವೆ. ಆದರೆ ಜಿಲ್ಲೆ ಹುಟ್ಟಿದ್ದೇ 1997ರಲ್ಲಿ. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ ಹೊನ್ನಾಳಿಯಿಂದ ಬೇರೆ ಮನೆ ಮಾಡಿದ್ದು ಮೊನ್ನೆ ಮೊನ್ನೆ. ಕಾಗದದ ಮೇಲೆ ಒಂದೇ ಜಿಲ್ಲೆಯಾದರೂ ಮಣ್ಣು, ನೀರು ಬೇರೆ ಬೇರೆ. ಚನ್ನಗಿರಿಯಲ್ಲಿ ಸೂಳೆಕೆರೆಯ ನೀರು, ಭದ್ರಾ ನಾಲೆ, ಕಣ್ಣು ಹಾಯಿಸಿದಷ್ಟು ದೂರ ಅಡಿಕೆ. ಹೊನ್ನಾಳಿ-ನ್ಯಾಮತಿಯಲ್ಲಿ ತುಂಗಭದ್ರೆಯ ದಡದ ಭತ್ತ, ಮೇಲ್ಗಡೆ ಮೆಕ್ಕೆಜೋಳ. ಜಗಳೂರಿನಲ್ಲಿ ಮುಗಿಲು ನೋಡೋ ಬೇಸಾಯ. ಒಂದು ಮಳೆ ತಪ್ಪಿದರೆ ವರ್ಷವೇ ತಪ್ಪಿತು. ಇಂಥ ಕಡೆ ಒಂದೇ ನಮೂನೆಯ ಸಲಕರಣೆ ಎಲ್ಲರಿಗೂ ಒಗ್ಗಲ್ಲ. ಊರೂರಿಗೆ ಡಿಸೈನ್ ಬದಲಾಗಲೇಬೇಕು. ಹಾಗಾದರೆ ಬದಲಾಯಿಸುತ್ತಿದ್ದವರು ಯಾರು, ಅವರಿಗೆ ಐಡಿಯಾ ಕೊಡುತ್ತಿದ್ದವರು ಯಾರು?

ಕೂರಿಗೆಯನ್ನೇ ತಗೊಳ್ಳಿ. ನೋಡದೇ ಇರೋರಿಗೆ ಹೇಳೋದಾದರೆ, ಮೇಲೆ ಮರದ ಒಂದು ಬಟ್ಟಲು. ಅದರ ತಳದ ತೂತುಗಳಿಂದ ಬಿದಿರಿನ ಕೊಳವೆಗಳು ಕೆಳಗಿಳಿದು ತಾಳುಗಳೊಳಗೆ ಸೇರುತ್ತವೆ. ತಾಳು ಅಂದರೆ ಮಣ್ಣು ಸೀಳುವ ಹಲ್ಲು. ಮುಂದೆ ಎತ್ತು ಎಳೆಯುತ್ತಿರುತ್ತೆ, ಹಿಂದೆ ಒಬ್ಬರು ಬಟ್ಟಲಿಗೆ ಹದವಾಗಿ ಕಾಳು ಬಿಡುತ್ತಾ ನಡೆಯುತ್ತಾರೆ. ಬೀಜ ಸಾಲು ಸಾಲಾಗಿ, ಒಂದೇ ಆಳಕ್ಕೆ ಬೀಳುತ್ತೆ. ಜೋಳಕ್ಕೆ ತಾಳು ಕಡಿಮೆ, ಸಾಲಿನ ನಡುವೆ ಅಂತರ ಹೆಚ್ಚು. ರಾಗಿ ಬಿತ್ತುವ ಕೂರಿಗೆಗೆ ಹನ್ನೆರಡು ತಾಳುಗಳವರೆಗೂ ಇರುತ್ತಿದ್ದವು. ನಡುವೆ ಅಕ್ಕಡಿ ಸಾಲಿಗೆ ತೊಗರಿಯನ್ನೋ ಅವರೆಯನ್ನೋ ಹಾಕಬೇಕಾದರೆ ಹಿಂದೊಂದು ಸಡ್ಡೆಯನ್ನು ಹಗ್ಗಕ್ಕೆ ಕಟ್ಟಿಕೊಂಡರಾಯಿತು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಅದು ಪ್ಲಗಿನ್. ಮುಖ್ಯ ಯಂತ್ರ ಮುಟ್ಟದೆ ಹೊಸ ಫೀಚರ್ ಸೇರಿಸಿದ ಹಾಗೆ.

ಟಿಪ್ಪು ಸತ್ತ ಮಾರನೇ ವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿ ಫ್ರಾನ್ಸಿಸ್ ಬುಕಾನನ್ ಅನ್ನೋ ವೈದ್ಯನನ್ನು ಮೈಸೂರು ಸೀಮೆ ಸುತ್ತಿ ವರದಿ ಮಾಡು ಅಂತ ಕಳಿಸಿದ. ಆತ 1801ರಲ್ಲಿ ಶಿವಮೊಗ್ಗದ ಕಡೆಯಿಂದ ಈಗ ಚನ್ನಗಿರಿ ತಾಲ್ಲೂಕಿಗೆ ಸೇರಿದ ಬಸವಾಪಟ್ಟಣದ ಮೇಲೆ ಹಾದು, ಹರಿಹರ, ದಾವಣಗೆರೆ ನೋಡಿಕೊಂಡು ಚಿತ್ರದುರ್ಗಕ್ಕೆ ಹೋದ. ದಾವಣಗೆರೆಯಲ್ಲಿ ಕಂಬಳಿ ವ್ಯಾಪಾರ ಜೋರಾಗಿದ್ದದ್ದನ್ನು ಬರೆದಿಟ್ಟ. 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಕೂರಿಗೆ, ಕುಂಟೆ, ಸಡ್ಡೆಗಳ ವಿವರ ಇದೆ. ಊರಿಂದ ಊರಿಗೆ ಬಿತ್ತನೆಯ ಕ್ರಮ ಹೇಗೆ ಬದಲಾಗುತ್ತೆ ಅನ್ನೋದೂ ಸಿಗುತ್ತೆ.

ಅವನಿಗಿಂತ ಸ್ವಲ್ಪ ಮುಂಚೆ, 1790ರ ದಶಕದಲ್ಲಿ, ಮದ್ರಾಸ್ ಪ್ರೆಸಿಡೆನ್ಸಿಯಲ್ಲಿದ್ದ ಕ್ಯಾಪ್ಟನ್ ಹಾಲ್ಕಟ್ ಇನ್ನೂ ಮಜವಾದ ಕೆಲಸ ಮಾಡಿದ್ದ. ಇಂಗ್ಲೆಂಡಿನಲ್ಲಿ ಜೆತ್ರೋ ಟಲ್ 1701ರ ಹೊತ್ತಿಗೆ ಬಿತ್ತನೆ ಯಂತ್ರ ಮಾಡಿದ್ದನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಹಾಲ್ಕಟ್ ಕೂಡ ಇದು ಯುರೋಪಿನವರೇ ಈಚೆಗೆ ಕಂಡುಹಿಡಿದದ್ದು ಅಂದುಕೊಂಡಿದ್ದ. ಒಂದು ದಿನ ಕುದುರೆ ಮೇಲೆ ಹೋಗುವಾಗ ಹೊಲದಲ್ಲಿ ಅದು ಓಡುತ್ತಿರೋದನ್ನು ಕಂಡು ಬೆರಗಾಗಿ ಲಂಡನ್ನಿನ ಕೃಷಿ ಮಂಡಳಿಗೆ ಪತ್ರ ಬರೆದ, ಸಲಕರಣೆಯನ್ನೂ ಕಳಿಸಿಕೊಟ್ಟ. ಈ ಪತ್ರಗಳನ್ನು ಧರ್ಮಪಾಲ್ 1971ರಲ್ಲಿ ತಮ್ಮ ಪುಸ್ತಕದಲ್ಲಿ ಸೇರಿಸಿ ಮತ್ತೆ ಬೆಳಕಿಗೆ ತಂದರು. ಆ ಕಾಲದ ಆ ಮಂಡಳಿಯೂ ಒಂದು ಸೋಷಿಯಲ್ ನೆಟ್‌ವರ್ಕೇ. ಸದಸ್ಯರು ಊರೂರಿಂದ ಪತ್ರ ಬರೆಯೋರು, ಲಂಡನ್ ಅದನ್ನು ಒಟ್ಟು ಮಾಡಿ ಎಲ್ಲರಿಗೂ ಹಂಚೋದು. ಆದರೆ ಆ ಜಾಲದಲ್ಲಿ ಹಾಲ್ಕಟ್ಟನ ಹೆಸರು ಉಳಿಯಿತು. ಆ ಹೊಲದಲ್ಲಿ ಕೂರಿಗೆ ಹಿಡಿದಿದ್ದವನ ಹೆಸರು ಇಲ್ಲ. ಈ ಸಂಗತಿಯನ್ನು ಒಂಚೂರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಇಲ್ಲಿಯ ಜಾಲ ಹೇಗೆ ಕೆಲಸ ಮಾಡುತ್ತಿತ್ತು? ನಡುವೆ ಇದ್ದವನು ಬಡಗಿ, ಪಕ್ಕದಲ್ಲಿ ಕಮ್ಮಾರ. ಇಬ್ಬರೂ ಆಯಗಾರರು. ಒಂದು ಕೂರಿಗೆಗೆ ಇಷ್ಟು ಅಂತ ದುಡ್ಡು ಎಣಿಸಿಕೊಂಡು ಕೈ ತೊಳೆದುಕೊಳ್ಳುವ ವ್ಯಾಪಾರ ಅಲ್ಲ ಅದು. ವರ್ಷಪೂರ್ತಿ ಮಾಡಿಕೊಡೋದು, ರಿಪೇರಿ ನೋಡೋದು. ಸುಗ್ಗಿಯಲ್ಲಿ ಕಣಕ್ಕೆ ಹೋದಾಗ ಕಾಳಿನ ರೂಪದಲ್ಲಿ ಆಯ ಸಿಗೋದು. ಅಂದರೆ ಕೂರಿಗೆಯ ಕೊಳವೆ ಕಟ್ಟಿಕೊಂಡು ಅರ್ಧ ಸಾಲು ಮೊಳೆಯದೇ ಹೋದರೆ ಬಡಗಿಯ ಮನೆಯ ಕಾಳೂ ಕಡಿಮೆಯಾಗುತ್ತೆ. ಈಗಿನ ಸಬ್‌ಸ್ಕ್ರಿಪ್ಷನ್ ಮಾಡೆಲ್ಲಿಗೂ ಇಷ್ಟು ಬಿಗಿಯಾದ ಹೊಣೆ ಇಲ್ಲ. ನಮ್ಮ ಆ್ಯಪ್ ಕ್ರ್ಯಾಶ್ ಆದರೆ ನಮಗೆ ಊಟ ತಪ್ಪುತ್ತಾ, ಹೇಳಿ?

ಬಡಗಿಯ ಅಂಗಳ ಊರೊಳಗಿನ ಗುಂಪಾದರೆ, ಊರಾಚೆಗಿನ ಗುಂಪು ಸಂತೆ, ಜಾತ್ರೆ, ಬೀಗರ ಮನೆ. ಮಗಳನ್ನು ಕೊಟ್ಟ ಊರಲ್ಲಿ ಬೇರೆ ನಮೂನೆ ಕುಂಟೆ ಕಂಡವನು ಬಂದು ತನ್ನ ಬಡಗಿಗೆ ಕೈಯಲ್ಲಿ ಅಳತೆ ತೋರಿಸಿ ಹೇಳುತ್ತಿದ್ದ. ದನದ ಸಂತೆಗೆ ಹೋದವನು ಎತ್ತಿನ ಜೊತೆ ನೊಗದ ನಮೂನೆಯನ್ನೂ ನೋಡಿಕೊಂಡು ಬರುತ್ತಿದ್ದ. ಹೊಸ ಕಾಲದಲ್ಲೂ ಈ ಚಾಳಿ ಮುಂದುವರಿಯಿತು. ಸಿರಿಗೆರೆ ಮಠದ ತರಳಬಾಳು ಹುಣ್ಣಿಮೆ ಮಹೋತ್ಸವ 1950ರಲ್ಲಿ ಮೊದಲು ನಡೆದದ್ದು ಜಗಳೂರಿನಲ್ಲೇ. ಆಮೇಲೆ ವರ್ಷಕ್ಕೊಂದು ಊರು. ಸುತ್ತಲಿನ ಸಾವಿರಾರು ರೈತರು ಒಂದು ಕಡೆ ಸೇರಿದರೆ ಪ್ರವಚನದ ಜೊತೆಗೆ ಮಳೆ, ಬೀಜ, ಬೋರು, ಯಂತ್ರದ ಮಾತೂ ಆಗೇ ಆಗುತ್ತೆ.

1986ರಲ್ಲಿ ಎಂಐಟಿಯ ಎರಿಕ್ ವಾನ್ ಹಿಪ್ಪೆಲ್ ಒಂದು ಪ್ರಬಂಧ ಬರೆದರು. ಪ್ರಾಡಕ್ಟ್ ಮ್ಯಾನೇಜರ್‌ಗಳ ಬಾಯಲ್ಲಿ ಇವತ್ತೂ ಓಡಾಡೋ "ಲೀಡ್ ಯೂಸರ್" ಅನ್ನೋ ಮಾತು ಹೆಸರಾದದ್ದು ಅದರಿಂದ. ಅವರ ವಾದ ಸರಳ. ಎಲ್ಲ ಗ್ರಾಹಕರನ್ನೂ ಕೇಳಿದರೆ ಇರೋದನ್ನೇ ಸ್ವಲ್ಪ ಚಂದ ಮಾಡಿ ಅನ್ನುತ್ತಾರೆ. ನಾಳೆ ಎಲ್ಲರಿಗೂ ಬರಲಿರುವ ತೊಂದರೆ ಇವತ್ತೇ ಯಾರಿಗೆ ಬಂದಿದೆಯೋ, ಅದು ಬಗೆಹರಿದರೆ ಯಾರಿಗೆ ದೊಡ್ಡ ಲಾಭವಿದೆಯೋ, ಅವರನ್ನು ಹುಡುಕಿ. ಎಷ್ಟೋ ಸಲ ಅವರು ಪರಿಹಾರವನ್ನೂ ತಾವೇ ಅರ್ಧ ಮಾಡಿಟ್ಟುಕೊಂಡಿರುತ್ತಾರೆ. ಜಗಳೂರಿನ ಒಣಭೂಮಿಯವನು ಎರಡು ಮಳೆ ನಡುವೆ ಸಿಕ್ಕ ಮೂರು ದಿನದ ಹದದಲ್ಲಿ ಬಿತ್ತಿ ಮುಗಿಸಬೇಕು. ಅವನಿಗಿಂತ ದೊಡ್ಡ ಲೀಡ್ ಯೂಸರ್ ಯಾರಿದ್ದಾರೆ?

ಇನ್ನೊಂದು ಕಡೆ, ಗುಂಪಿನಲ್ಲಿ ಕೂತು ಐಡಿಯಾ ಉದುರಿಸೋ ಬ್ರೈನ್‌ಸ್ಟಾರ್ಮಿಂಗ್. ಅದನ್ನು ಜನಪ್ರಿಯ ಮಾಡಿದ್ದು ಜಾಹೀರಾತು ಕಂಪನಿಯ ಅಲೆಕ್ಸ್ ಆಸ್ಬಾರ್ನ್. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಪರೀಕ್ಷೆ ಮಾಡಿ ನೋಡಿದರೆ ಫಲಿತಾಂಶ ಉಲ್ಟಾ! ನಾಲ್ಕು ಜನ ಒಟ್ಟಿಗೆ ಕೂತು ಕೊಟ್ಟದ್ದಕ್ಕಿಂತ ನಾಲ್ವರು ಬೇರೆ ಬೇರೆ ಕೂತು ಬರೆದುಕೊಟ್ಟ ಐಡಿಯಾಗಳೇ ಹೆಚ್ಚು. ಗುಂಪಿನಲ್ಲಿ ಒಬ್ಬ ಮಾತಾಡುವಾಗ ಉಳಿದವರು ಕಾಯಬೇಕು, ಮೊದಲು ಹೇಳಿದವನ ದಾರಿಗೆ ಎಲ್ಲರೂ ಬೀಳುತ್ತಾರೆ. ವಾಟ್ಸಾಪ್ ಗುಂಪಿನಲ್ಲಿ ಇದನ್ನು ದಿನಾ ನೋಡುತ್ತೇವಲ್ಲ. ಮೊದಲನೆಯವರು "ಸೂಪರ್ ಸರ್" ಅಂದರೆ ಮುಂದಿನ ಮೂವತ್ತೂ "ಸೂಪರ್ ಸರ್". ಬಡಗಿಯ ಅಂಗಳಕ್ಕೆ ಒಬ್ಬೊಬ್ಬರಾಗಿ, ತಮ್ಮ ತಮ್ಮ ಮುರಿದ ತಾಳು ಹಿಡಿದುಕೊಂಡು ಬರುತ್ತಿದ್ದರಲ್ಲ, ಅದು ಇದಕ್ಕಿಂತ ವಾಸಿ. ಯಾಕಂದ್ರೆ ಅಲ್ಲಿ ಅಭಿಪ್ರಾಯ ಬರುತ್ತಿರಲಿಲ್ಲ, ಮುರಿದ ವಸ್ತುವೇ ಬರುತ್ತಿತ್ತು.

ಹಾಗಂತ ಹಳೆಯದೆಲ್ಲ ಬಂಗಾರ ಅಂತ ಹೊರಟರೆ ಇತಿಹಾಸ ಕಾಲು ಎಳೆಯುತ್ತೆ. ಆಯದ ಜಾಲದಲ್ಲಿ ದೂರು ಹೇಳೋ ಹಕ್ಕಿದ್ದದ್ದು ಹೊಲ ಇದ್ದವನಿಗೆ, ಆಯ ಕೊಡುವವನಿಗೆ. ಕೂಲಿಯವರಿಗಲ್ಲ, ಹೆಣ್ಣುಮಕ್ಕಳಿಗಂತೂ ಅಲ್ಲ. ಇದರ ಸಾಕ್ಷಿ ಸಲಕರಣೆಗಳಲ್ಲೇ ಇದೆ. ಎತ್ತು ಕಟ್ಟಿ ಗಂಡಸರು ಹೊಡೆಯುವ ನೇಗಿಲು, ಕುಂಟೆ, ಕೂರಿಗೆಗಳಿಗೆ ಎಷ್ಟೊಂದು ನಮೂನೆ, ಎಷ್ಟೊಂದು ನಾಜೂಕು. ಕೂರಿಗೆ ಸಾಲು ಬಿಟ್ಟಿದ್ದರಿಂದ ನಡುವೆ ಎಡೆಕುಂಟೆ ಹೊಡೆಯುವುದೂ ಸಾಧ್ಯವಾಯಿತು. ಆದರೆ ಎಡೆಕುಂಟೆಗೆ ಸಿಗದ, ಗಿಡದ ಬುಡದ ಕಳೆಯನ್ನು ಕೂತು, ಬಾಗಿ, ದಿನಗಟ್ಟಲೆ ತೆಗೆಯುತ್ತಿದ್ದವರು ಹೆಂಗಸರು. ಅವರ ಕೈಯಲ್ಲಿದ್ದ ಕುರ್ಚಿಗೆ? ಒಂದು ಗೇಣು ಹಿಡಿ, ಒಂದು ಬಾಗಿದ ಅಲಗು. ನಿಂತು ಕಳೆ ತೆಗೆಯೋ ಹಾಗೆ ಅದಕ್ಕೊಂದು ಉದ್ದ ಹಿಡಿ ಹಾಕೋಣ ಅಂತ ಯಾವ ಬಡಗಿಗೂ ಹೊಳೆಯಲಿಲ್ಲ. ಅದು ಬುದ್ಧಿಯ ಕೊರತೆಯಲ್ಲ. ಹನ್ನೆರಡು ತಾಳಿಗೆ ಸಮನಾಗಿ ಬೀಜ ಹಂಚುವ ಬಟ್ಟಲು ಕೊರೆದವನಿಗೆ ಒಂದು ಉದ್ದ ಕೋಲು ಯಾವ ಲೆಕ್ಕ? ಬೆನ್ನು ನೋಯುತ್ತಿದ್ದವಳು ಅವನ ಅಂಗಳಕ್ಕೆ ಬಂದು ಹೇಳುತ್ತಿರಲಿಲ್ಲ, ಅಷ್ಟೇ.

ನನ್ನ ಪ್ರಕಾರ ಈ ಇಡೀ ಇತಿಹಾಸದಲ್ಲಿ ಮುಖ್ಯವಾದ ಸಂಗತಿ ಇದು. ಜಾಲದಲ್ಲಿ ಇದ್ದವರ ಕಷ್ಟಕ್ಕೆ ಪ್ರಾಡಕ್ಟ್ ಹುಟ್ಟುತ್ತೆ. ಜಾಲದ ಹೊರಗಿನವರ ಕಷ್ಟಕ್ಕೆ ಒಗ್ಗಿಕೊಳ್ಳೋ ಅಭ್ಯಾಸ ಹುಟ್ಟುತ್ತೆ.

ಆಮೇಲಿನ ಕಾಲದಲ್ಲಿ ಜಾಲ ದೊಡ್ಡದಾಯಿತು. 1965ರಲ್ಲಿ ಭದ್ರಾವತಿ ಆಕಾಶವಾಣಿ ಶುರುವಾಯಿತು. ಚನ್ನಗಿರಿ, ಹೊನ್ನಾಳಿ ಕಡೆಯ ಮನೆಗಳಲ್ಲಿ ಸಂಜೆ ಕೃಷಿ ಕಾರ್ಯಕ್ರಮ ಕೇಳೋದು, ಕಾರ್ಡಿನಲ್ಲಿ ಪ್ರಶ್ನೆ ಬರೆದು ಹಾಕೋದು ರೂಢಿಯಾಯಿತು. 1988ರಲ್ಲಿ ಪುತ್ತೂರಿನಿಂದ "ಅಡಿಕೆ ಪತ್ರಿಕೆ" ಹೊರಟಿತು. ಶ್ರೀ ಪಡ್ರೆ ಮತ್ತು ಜೊತೆಗಾರರು ಹಿಡಿದ ನಿಲುವು, ಕೃಷಿಕರ ಕೈಗೆ ಲೇಖನಿ. ಬೆಳೆಗಾರನೇ ಬರೆಯಬೇಕು, ಮಾಡಿ ನೋಡಿದ್ದನ್ನೇ ಬರೆಯಬೇಕು. ಹೆಚ್ಚುಕಮ್ಮಿ ಅದೇ ಹೊತ್ತಿಗೆ ಅಹಮದಾಬಾದಿನ ಐಐಎಂನ ಅನಿಲ್ ಗುಪ್ತ ಹನಿ ಬೀ ಜಾಲ ಕಟ್ಟಿದರು. ಅದರ ಕನ್ನಡ ಅವತರಣಿಕೆಗೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಟಿ. ಎನ್. ಪ್ರಕಾಶ್ ಅವರ ಸಂಪಾದಕತ್ವ, ಹೆಸರು "ಹಿತ್ತಲಗಿಡ". ಮದ್ದಲ್ಲ ಅಂತ ಗಾದೆ ಹೇಳಿದ್ದನ್ನೇ ತಿರುಗಿಸಿ ಹಿಡಿದ ಹೆಸರು. ಹನಿ ಬೀ ನಿಯಮಗಳು ಸರಳ. ಐಡಿಯಾ ಯಾರದ್ದೋ ಅವರ ಹೆಸರು ಹಾಕಬೇಕು, ಅವರ ಭಾಷೆಯಲ್ಲೇ ಅದನ್ನು ವಾಪಸ್ ಮುಟ್ಟಿಸಬೇಕು, ಲಾಭ ಬಂದರೆ ಅವರಿಗೂ ಪಾಲಿರಬೇಕು. ಹಾಲ್ಕಟ್ಟನ ಪತ್ರದಲ್ಲಿ ಬಿಟ್ಟುಹೋಗಿದ್ದ ಹೆಸರನ್ನು ಇನ್ನೂರು ವರ್ಷ ಆದಮೇಲೆ ಬರೆಯೋಕೆ ಹೊರಟಂತಿತ್ತು.

ಹೆಸರು ಬರೆದರೆ ಏನಾಗುತ್ತೆ ಅನ್ನೋದಕ್ಕೆ ಕೂರಿಗೆಯ ಕಥೆಯೇ ಮುಂದುವರಿಯುತ್ತೆ. ಧಾರವಾಡ ಜಿಲ್ಲೆ ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ್ ರೈತರು. ಬೆಳಿಗ್ಗೆ ಏಳೋಕಾಗದ ತಮ್ಮ ಅಭ್ಯಾಸಕ್ಕೆ, ಅಲಾರಾಂ ಹೊಡೆದ ಹಾಗೆ ಮುಖದ ಮೇಲೆ ನೀರು ಸುರಿಯೋ ಸಾಧನ ಮಾಡಿಕೊಂಡದ್ದರಿಂದ ಅವರ ಪ್ರಯೋಗ ಶುರು. ಆಮೇಲೆ ಹುಣಸೆ ಬೀಜ ಬಿಡಿಸುವ ಯಂತ್ರ, ಬೀಜ-ಗೊಬ್ಬರ ಒಟ್ಟಿಗೆ ಬಿತ್ತುವ ಟ್ರ್ಯಾಕ್ಟರ್ ಕೂರಿಗೆ. 2022ರಲ್ಲಿ ಪದ್ಮಶ್ರೀ ಬಂತು. ಬಟ್ಟಲು-ಕೊಳವೆ-ತಾಳಿನ ಹಳೇ ತರ್ಕ ಅಲ್ಲೇ ಇದೆ, ಎತ್ತಿನ ಜಾಗಕ್ಕೆ ಎಂಜಿನ್ ಬಂದಿದೆ.

ಇನ್ನು ವಾಟ್ಸಾಪ್ ಕಾಲ. ಇದರಲ್ಲಿ ನಡೆದ ಒಳ್ಳೆ ಉದಾಹರಣೆ ಬಾಕಾಹು. ಬಾಳೆ, ಕಾಯಿ, ಹುಡಿ ಮೂರರ ಮೊದಲ ಅಕ್ಷರ ಸೇರಿಸಿದ ಹೆಸರು. 2021ರ ಲಾಕ್‌ಡೌನ್‌ನಲ್ಲಿ ಬಾಳೆಗೆ ಬೆಲೆ ಬಿದ್ದು ಗೊನೆ ತೋಟದಲ್ಲೇ ಕೊಳೆಯುವಾಗ, ಅಡಿಕೆ ಪತ್ರಿಕೆಯ ಶ್ರೀ ಪಡ್ರೆ ಮುಂದೆ ನಿಂತು ರೈತರ ವಾಟ್ಸಾಪ್ ಗುಂಪಿನಲ್ಲಿ ವಿಷಯ ಎತ್ತಿದರು. ಕೇರಳದ ಆಲಪ್ಪುಳ ಕೃಷಿ ವಿಜ್ಞಾನ ಕೇಂದ್ರದ ತಜ್ಞರೊಬ್ಬರು ಕಾಯಿ ಹೆಚ್ಚಿ, ಒಣಗಿಸಿ, ಹಿಟ್ಟು ಮಾಡೋ ಕ್ರಮವನ್ನು ಆನ್‌ಲೈನ್‌ನಲ್ಲೇ ಹೇಳಿಕೊಟ್ಟರು. ಆಮೇಲೆ ನಡೆದದ್ದು ನೋಡಿ. ಶಿರಸಿ ಕಡೆಯ ಅಡುಗೆಮನೆಯಿಂದ ಒಂದು, ತುಮಕೂರಿನಿಂದ ಒಂದು, ದಕ್ಷಿಣ ಕನ್ನಡದಿಂದ ಇನ್ನೊಂದು. ದೋಸೆ, ರೊಟ್ಟಿ, ಗುಲಾಬ್ ಜಾಮೂನು, ಒಂದೊಂದರ ಫೋಟೋ ಗುಂಪಿಗೆ ಬೀಳತೊಡಗಿತು. 2021ರ ಜುಲೈ 25ರ ಮನ್ ಕೀ ಬಾತ್‌ನಲ್ಲಿ ಪ್ರಧಾನಿಯೂ ಇದನ್ನು ಹೇಳಿದರು. ಇಲ್ಲಿ ಗುಂಪಿಗೆ ಬರುತ್ತಿದ್ದದ್ದು "ಹೀಗೆ ಮಾಡಬಹುದಲ್ವಾ" ಅನ್ನೋ ಮೆಸೇಜ್ ಅಲ್ಲ, ಮಾಡಿ ತಿಂದ ದೋಸೆ. ಮತ್ತೆ ಇದು ಓಡಿದ್ದು ಯಾಕೆ? ಈ ಸಲ ಕೆಲಸ ಮಾಡೋ ಹೆಂಗಸರೇ ಗುಂಪಿನೊಳಗಿದ್ದರು. ಹಿಟ್ಟು ಕಲಸುವ ಕೈ, ಮೊಬೈಲ್ ಹಿಡಿದ ಕೈ ಒಂದೇ ಆಗಿತ್ತು.

ಅದೇ ಜಾಲ ಅಡಿಕೆಗೆ ಬಂದಾಗ ಏನಾಗುತ್ತೆ? ಬಂಟ್ವಾಳ ತಾಲ್ಲೂಕಿನ ಗಣಪತಿ ಭಟ್ ಅವರು ಮಾಡಿದ ಅಡಿಕೆ ಮರ ಏರುವ ಬೈಕಿನ ವಿಡಿಯೋ 2019ರಲ್ಲಿ ದೇಶ ಪೂರ್ತಿ ಓಡಾಡಿತು, ಆನಂದ್ ಮಹೀಂದ್ರಾ ಟ್ವೀಟ್ ಮಾಡಿದರು. ಮರ ಹತ್ತುವವರು ಸಿಗದ, ಹತ್ತಿದವರು ಬೀಳೋ ಕಷ್ಟ ನಿಜವಾದದ್ದು. ಅದಕ್ಕೆ ಬೆಳೆಗಾರರೊಬ್ಬರೇ ಉತ್ತರ ಹುಡುಕಿದ್ದು ದೊಡ್ಡ ಮಾತು. ಆದರೆ ಕರಾವಳಿಯ ಐಡಿಯಾ ಎಲ್ಲವೂ ಚನ್ನಗಿರಿಗೆ ಹಾಗೇ ಒಗ್ಗಲ್ಲ. ಕರಾವಳಿಯವರದ್ದು ಚಾಲಿ. ಹಣ್ಣಡಿಕೆಯನ್ನು ಸಿಪ್ಪೆ ಸಮೇತ ತಿಂಗಳಿಗೂ ಹೆಚ್ಚು ಒಣಗಿಸಿ ಆಮೇಲೆ ಸುಲಿಯೋದು. ಚನ್ನಗಿರಿಯದ್ದು ಹಸಿ ಅಡಿಕೆ. ಕೊಯ್ದದ್ದನ್ನು ಕೂಡಲೇ ಸುಲಿದು, ಚೊಗರಿನಲ್ಲಿ ಬೇಯಿಸಿ, ಒಣಗಿಸಿ ರಾಶಿ ಮಾಡೋದು. ಒಣ ಸಿಪ್ಪೆಗೆ ಮಾಡಿದ ಸುಲಿಯೋ ಯಂತ್ರ ಹಸಿ ಸಿಪ್ಪೆಗೆ ನಡೆಯಲ್ಲ. ಹಸಿಯದಕ್ಕೆ ಬೇರೆ ಅಲಗು, ಬೇರೆ ಒತ್ತಡ ಬೇಕು. ಜಾಲ ಎಷ್ಟೇ ಅಗಲವಾದರೂ ಪರೀಕ್ಷೆ ನಿಮ್ಮೂರ ಕಣದಲ್ಲೇ ಆಗಬೇಕು.

ಸುಲಿಯೋ ಕಾಲದಲ್ಲಿ ಚನ್ನಗಿರಿ ಕಡೆ ಬಂದು ನೋಡಿ. ಖೇಣಿ ಹಿಡಿದವರ ಮನೆಯಂಗಳದಲ್ಲಿ ಮೆಟ್ಟುಗತ್ತಿ ಮುಂದಿಟ್ಟುಕೊಂಡು ಹೆಂಗಸರು ಸಾಲಾಗಿ ಕೂತಿರುತ್ತಿದ್ದರು, ಅಳತೆಗೆ ಇಷ್ಟು ಅಂತ ಕೂಲಿ. ಈಗ ಎಷ್ಟೋ ಕಡೆ ಅಲ್ಲಿ ಯಂತ್ರದ ಸದ್ದು. ಅಡಿಕೆ ಗುಂಪುಗಳಲ್ಲಿ ಯಂತ್ರದ ಬಗ್ಗೆ ಏಳುವ ಪ್ರಶ್ನೆಗಳನ್ನು ಗಮನಿಸಿ: ಗಂಟೆಗೆ ಎಷ್ಟು ಸುಲಿಯುತ್ತೆ? ಗೋಟು ಒಡೆಯುತ್ತಾ? ಸಬ್ಸಿಡಿ ಇದೆಯಾ? ಎಲ್ಲವೂ ಸರಿಯಾದ ಪ್ರಶ್ನೆಗಳೇ, ಬೆಳೆಗಾರನ ಪ್ರಶ್ನೆಗಳು. ಚೊಗರಿನಿಂದ ಕಪ್ಪಾಗೋ ಬೆರಳಿಗೆ ಏನು ಮಾಡೋಣ, ಕೂತಲ್ಲೇ ಕೂರೋ ಸೊಂಟಕ್ಕೆ ಏನು, ಕೂಲಿ ಹೋದವಳು ಆ ಯಂತ್ರವನ್ನು ತಾನೇ ನಡೆಸೋ ಹಾಗೆ ಇಟ್ಟರೆ ಹೇಗೆ ಅಂತ ಯಾರೂ ಕೇಳಲ್ಲ. ಕೇಳಬೇಕಾದವಳು ಆ ಗುಂಪಿನಲ್ಲಿಲ್ಲ. ಕುರ್ಚಿಗೆಯ ಕಥೆಯೇ ಇದು, ಮೊಬೈಲ್ ಬಂದಿದೆ ಅಷ್ಟೇ.

ಬೆಂಗಳೂರಿನಲ್ಲಿ ಕೂತು ಆ್ಯಪ್ ಮಾಡೋ ನಾವು ಬೇರೆಯೇನಲ್ಲ. ಡೆಲಿವರಿ ಆ್ಯಪಿನ ಹೊಸ ಫೀಚರ್‌ಗೆ ಐಡಿಯಾ ಕೇಳಿ ನಾವು ಪೋಸ್ಟ್ ಹಾಕೋದು ಲಿಂಕ್ಡ್‌ಇನ್‌ನಲ್ಲಿ. ಉತ್ತರ ಕೊಡೋರು ಆರ್ಡರ್ ಮಾಡುವವರು. ಮಳೆಯಲ್ಲಿ ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ಹ್ಯಾಂಡಲ್ ಹಿಡಿದವನು ಅಲ್ಲಿಲ್ಲ. ಹೊನ್ನಾಳಿಯಿಂದಲೋ ಜಗಳೂರಿನಿಂದಲೋ ಬಂದವನು ಅವನು ಇರಬಹುದು. ನೂರು ಐಡಿಯಾ ಬಂತು ಅಂತ ಬೀಗುವ ಮೊದಲು ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು. ಈ ಗುಂಪಿನಲ್ಲಿ ಕೈಯಾರೆ ಕೆಲಸ ಮಾಡೋರು ಎಷ್ಟು ಜನ? ಬಂದದ್ದು ಬರೀ ಮಾತೋ, ಇಲ್ಲಾ ಮುರಿದ ತಾಳೋ, ಮಾಡಿದ ದೋಸೆಯೋ? ಐಡಿಯಾ ಓಡಿದರೆ ಯಾರ ಹೆಸರು ಉಳಿಯುತ್ತೆ?

ಕೂರಿಗೆಯ ಹಿಂದೆ ಬಟ್ಟಲಿಗೆ ಕಾಳು ಬಿಡುತ್ತಾ ನಡೆಯುವ ಕೆಲಸ ನಮ್ಮ ಕಡೆ ಬಹುಮಟ್ಟಿಗೆ ಹೆಂಗಸರದು. ಕೊಳವೆಯಲ್ಲಿ ಮಣ್ಣು ಕಟ್ಟಿಕೊಂಡರೆ ಮುಂದೆ ಎತ್ತು ಹೊಡೆಯುವವನಿಗೆ ಗೊತ್ತಾಗಲ್ಲ. ಗೊತ್ತಾಗೋದು ಅವಳ ಬೆರಳಿಗೆ, ಕಾಳು ಕೆಳಗಿಳಿಯದೆ ಬಟ್ಟಲಲ್ಲೇ ನಿಂತಾಗ. ಅವಳು "ತಡೀರಿ, ತಾಳು ಕಟ್ಟೈತೆ" ಅಂದರೆ ಕೂರಿಗೆ ನಿಲ್ಲಲೇಬೇಕು, ಇಲ್ಲವಾದರೆ ಆ ಸಾಲು ಮೊಳೆಯಲ್ಲ. ನಮ್ಮ ಗುಂಪುಗಳಿಗೆ ಮೊದಲು ಸೇರಿಸಬೇಕಾದ ನಂಬರ್ ಅವಳದ್ದು.